ಸಿದ್ದಪ್ಪನವರ ವ್ಯಾನಿಗೆ ಡಿಶ್ ಕೂರಿಸಿದ್ದು

ಆಂಟೆನಾ ಕೂರಿಸುವ ಕೆಲಸಕ್ಕೆ ಈಗ ಸೇರುವ ಹುಡುಗರು ನನ್ನ ಹತ್ತಿರ ಬಂದರೆ ಯಾವ ಮೀಟರ್ ಕೊಳ್ಳಬೇಕು, ಯಾವ ಕೇಬಲ್ ಒಳ್ಳೆಯದು ಎಂದು ಕೇಳುತ್ತಾರೆ. ಅದೆಲ್ಲ ಅಂಗಡಿಯವರೇ ಹೇಳಿಯಾರು. ನಾನು ಬರೆಯಬೇಕೆಂದುಕೊಂಡದ್ದು ಒಂದು ಹಳೆಯ ವ್ಯಾನಿನ ವಿಷಯ. ಅದನ್ನು ಬರೆಯಲು ಎರಡು ಸಲ ಕೂತು ಎರಡು ಸಲವೂ ಎದ್ದುಬಿಟ್ಟಿದ್ದೇನೆ. ಅದರಲ್ಲಿನ ಒಂದು ಗಳಿಗೆಗೆ ಬಂದಾಗ ಕೈ ನಿಲ್ಲುತ್ತದೆ. ಈ ಸಲ ಮೊದಲಿನಿಂದ, ನಿಧಾನವಾಗಿ ಹೇಳುತ್ತೇನೆ.

ನಾನು ಬಿ.ಎಸ್ಸಿ. ಓದಿದವನು. ಭೌತಶಾಸ್ತ್ರ. ಬ್ಯಾಂಕಿನ ಪರೀಕ್ಷೆಗಳನ್ನು ಬರೆದು ಬರೆದು ಸಾಕಾಗಿ ಚಾಮರಾಜಪೇಟೆಯ ಒಂದು ಆಂಟೆನಾ ಅಂಗಡಿಗೆ ಸೇರಿದೆ. ಯಜಮಾನರು ಗೋಪಾಲಯ್ಯ ಅಂತ. ಅವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ನನ್ನನ್ನು ಕೊನೆಯವರೆಗೂ ಹೆಸರು ಹಿಡಿದು ಕರೆಯಲಿಲ್ಲ.

"ಏನಯ್ಯಾ ಬಿಎಸ್ಸಿ, ಪುಸ್ತಕದಲ್ಲಿ ಪೈಪ್ ಬಗ್ಗಿಸೋದು ಹೇಳ್ಕೊಟ್ಟಿಲ್ವಾ?" ಎಂದು ಮೊದಲ ದಿನವೇ ಎಲ್ಲರೆದುರು ಕೇಳಿದರು.

ಅವರ ವಿದ್ಯೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: ಎತ್ತರ. ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾಗಳ ಕಾಲಕ್ಕೆ ಅದು ನಿಜವೂ ಆಗಿತ್ತು. ಓಕಳಿಪುರಂನಲ್ಲಿ ರೈಲು ಹಾಯುವಾಗಲೆಲ್ಲ ಚಿತ್ರ ನಡುಗುತ್ತದೆ ಎಂದು ಒಬ್ಬರು ದೂರು ಹೇಳಿದರೆ ಯಜಮಾನರು ಹೋಗಿ ಇನ್ನೊಂದು ಪೈಪು ಸೇರಿಸಿ ಬರುತ್ತಿದ್ದರು. ನಡುಕ ನಿಲ್ಲುತ್ತಿತ್ತು. ಆ ಮನೆಯವರು ಅವರನ್ನು ಡಾಕ್ಟರ ಹಾಗೆ ನೋಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ತಾರಸಿಗಳ ಮೇಲೆ ದೊಡ್ಡ ಜಾಲರಿ ಡಿಶ್‌ಗಳು ಬಂದವು. ಇವು ಬೇರೆ ಜಾತಿ. ಉಪಗ್ರಹ ಇರುವುದು ಸಾವಿರಾರು ಮೈಲಿ ಮೇಲೆ, ನಾವು ಹತ್ತಡಿ ಮೇಲೆ ಹೋದರೆ ಅದಕ್ಕೇನೂ ಅಲ್ಲ. ಬೇಕಾದದ್ದು ಡಿಶ್‌ನ ಮುಖದೆದುರು ಖಾಲಿ ಆಕಾಶ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಗೊತ್ತಿದ್ದೂ ಹೇಗೆ ಮರೆತೆ ಎಂದರೆ ಅದಕ್ಕೊಂದು ಮಲ್ಲೇಶ್ವರದ ಕಥೆ ಇದೆ.

ಅಲ್ಲೊಬ್ಬರು ಹೈಸ್ಕೂಲು ಟೀಚರ್ ಮನೆಗೆ ನಾನು ಶಿವರಾತ್ರಿ ಹೊತ್ತಿಗೆ ಡಿಶ್ ಹಾಕಿದೆ. ಎದುರಿಗೆ ಮರವಿತ್ತು, ಆದರೆ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿತ್ತು. ಕೊಂಬೆಗಳ ಸಂದಿಯಲ್ಲಿ ಚಿತ್ರ ಸೊಗಸಾಗಿ ಬಂತು. ಕಾಫಿ ಕುಡಿದು ಬಂದೆ. ಜೂನ್ ಬರುವಷ್ಟರಲ್ಲಿ ಮರ ತುಂಬ ಎಲೆ. ಟೀವಿ ತುಂಬ ಚುಕ್ಕಿ. ಟೀಚರ್ ಅಂಗಡಿಗೇ ಬಂದರು. ನಾನು ಪೆದ್ದನ ಹಾಗೆ, "ಎರಡು ಕೊಂಬೆ ತೆಗೆಸಿದ್ರೆ ಸರಿಹೋಗುತ್ತೆ ಮೇಡಂ" ಎಂದೆ.

"ನಮ್ಮಜ್ಜ ನೆಟ್ಟ ಮರ ರೀ ಅದು. ಮರಕ್ಕೆ ಎಲೆ ಬರುತ್ತೆ ಅಂತ ಮೂರನೇ ಕ್ಲಾಸ್ ಮಕ್ಕಳಿಗೂ ಗೊತ್ತು. ನಿಮ್ಮ ಜರಡಿ ಎತ್ಕೊಂಡು ಹೋಗಿ ಮೊದಲು" ಎಂದರು.

ಯಜಮಾನರು ಹೋಗಿ ಡಿಶ್ಶನ್ನು ತಾರಸಿಯಿಂದ ಎತ್ತಿ ನೀರಿನ ಟ್ಯಾಂಕಿನ ನೆತ್ತಿಗೆ ಏರಿಸಿದರು. ಮರದ ತಲೆ ದಾಟಿ ಆಕಾಶ ಸಿಕ್ಕಿತು, ಚಿತ್ರ ಬಂತು. "ನೋಡಿದ್ಯಾ ಬಿಎಸ್ಸಿ? ಎತ್ತರ!" ಎಂದು ನನ್ನ ಬೆನ್ನಿಗೆ ಗುದ್ದಿದರು. ಕೆಲಸ ಮಾಡಿದ್ದು ಎತ್ತರವಲ್ಲ, ಮರ ತಪ್ಪಿದ್ದು. ಮೂರಡಿ ಪಕ್ಕಕ್ಕೆ ಸರಿಸಿದ್ದರೂ ಬರುತ್ತಿತ್ತೋ ಏನೋ. ಆದರೆ ಬೆನ್ನಿನ ಮೇಲೆ ಗುದ್ದು ಬಿದ್ದಾಗ ಕಲಿತದ್ದು ಪುಸ್ತಕದಲ್ಲಿ ಕಲಿತದ್ದಕ್ಕಿಂತ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಹತ್ತು ವರ್ಷ, ಎಲ್ಲಿ ಚಿತ್ರ ಬರದಿದ್ದರೂ ನನ್ನ ಕೈ ತಾನಾಗಿ ಪೈಪಿನ ಕಡೆಗೆ ಹೋಗುತ್ತಿತ್ತು.

ನಡುವೆ ಕೇಬಲ್ಲು ಬಂದು ನಮ್ಮ ವ್ಯಾಪಾರ ಕುಸಿಯಿತು. ಯಜಮಾನರು ತೀರಿಕೊಂಡರು. ಅಂಗಡಿ ನನ್ನ ಮೇಲೆ ಬಿತ್ತು. ಎರಡು ಸಾವಿರ ದಾಟಿದ ಮೇಲೆ ಎರಡಡಿಯ ಚಿಕ್ಕ ಡಿಶ್‌ಗಳು ಬಂದು ಮತ್ತೆ ಉಸಿರು ಬಂತು. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಸಿದ್ದಪ್ಪನವರು ಬಂದರು.

ಸಿದ್ದಪ್ಪನವರಿಗೆ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡುಗಳ ಅಂಗಡಿ. ಮನೆ ನಮ್ಮ ಚಾಮರಾಜಪೇಟೆಯಲ್ಲೇ, ಅಂಗಡಿಯಿಂದ ಎರಡು ಅಡ್ಡರಸ್ತೆ ಆಚೆ. ನಲವತ್ತು ವರ್ಷ ಊರಿನವರ ಮದುವೆ ಮುಹೂರ್ತಗಳ ಹಿಂದೆ ಓಡಿ, ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಲಗ್ನದ ಕಾಲದಲ್ಲಿ ಬಿಡುವಿಲ್ಲ, ಉಳಿದ ಕಾಲದಲ್ಲಿ ಪ್ರೆಸ್ಸಿನ ಕೆಲಸ. ಈಗ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ್ದರು. ಆದರೆ ಅಷ್ಟು ಹೊತ್ತಿಗೆ ಗಿರಿಜಮ್ಮನವರ ಎರಡು ಮಂಡಿಯೂ ಹೋಗಿದ್ದವು. ಲಾಡ್ಜಿನ ಮೆಟ್ಟಿಲು ಹತ್ತಲಾರರು, ರೈಲಿನ ಶೌಚಾಲಯಕ್ಕೆ ಹೋಗಲಾರರು. ಅದಕ್ಕೆ ಸಿದ್ದಪ್ಪನವರು ಶಾಲೆಯೊಂದು ಮಾರಿದ ಹಳೆಯ ವ್ಯಾನು ಕೊಂಡು, ಸೀಟು ಕಿತ್ತು ಮಂಚ, ಗ್ಯಾಸ್ ಒಲೆ, ಮೂಲೆಯಲ್ಲಿ ಕುರ್ಚಿಯಂಥ ಕಮೋಡು ಎಲ್ಲ ಮಾಡಿಸಿದ್ದರು. ಕಾಶಿಯವರೆಗೆ ಹೋಗಿ ಬರುವುದು.

"ಎಲ್ಲಾ ಒಪ್ಪಿದಾಳೆ ವೆಂಕಟೇಶ್. ಒಂದೇ ಒಂದು. ಅವಳಿಗೆ ಕನ್ನಡ ಬಿಟ್ರೆ ಬೇರೆ ಬರಲ್ಲ. ಎರಡು ತಿಂಗಳು ಕನ್ನಡ ಕಿವಿಗೆ ಬೀಳ್ದೆ ಇದ್ರೆ ಉಸಿರು ಕಟ್ಟುತ್ತೆ ಅಂತಾಳೆ. ನಾನು ಮಾತಾಡ್ತೀನಲ್ಲೇ ಅಂದ್ರೆ, 'ನಿಮ್ಮದನ್ನ ನಲವತ್ತು ವರ್ಷ ಕೇಳಿದೀನಿ' ಅಂತಾಳೆ. ಗಾಡಿಗೆ ಟೀವಿ ಬೇಕು. ಸಾಯಂಕಾಲ ವಾರ್ತೆ ಬಂದ್ರೆ ಸಾಕು."

ಅವರ ಕೈಯಲ್ಲಿ ವಿದೇಶದ ಒಂದು ಪತ್ರಿಕೆಯ ಹಾಳೆ ಇತ್ತು. ಗಾಡಿಯ ನೆತ್ತಿಯ ಮೇಲೆ ಬೋರಲು ಹಾಕಿದ ಬೋಗುಣಿಯಂಥದ್ದು, ಒಳಗೆ ಡಿಶ್ ತಾನೇ ತಿರುಗಿ ಉಪಗ್ರಹ ಹುಡುಕಿಕೊಳ್ಳುತ್ತದಂತೆ, ಗಾಡಿ ಓಡುವಾಗಲೂ. ಅದನ್ನು ತರಿಸುವ ದುಡ್ಡಿಗೆ ಇನ್ನೊಂದು ವ್ಯಾನು ಬರುತ್ತಿತ್ತು. ನಮ್ಮ ಉಪಗ್ರಹವನ್ನು ಅದು ಗುರುತು ಹಿಡಿಯುತ್ತದೆಂಬ ಭರವಸೆಯೂ ಇರಲಿಲ್ಲ. ಬೇಡ ಎಂದೆ. ನೆತ್ತಿಗೆ ಡಿಶ್ಶನ್ನು ಬೋಲ್ಟು ಹಾಕಿ ಬಿಗಿದರೆ ಗಾಡಿ ನಿಂತ ದಿಕ್ಕು ಬದಲಾದಾಗಲೆಲ್ಲ ಏಣಿ ಹತ್ತಬೇಕು. ಉಳಿದವು ಎರಡು. ಮುಕ್ಕಾಲಿಯ ಮೇಲೆ ಕೂರಿಸಿ, ಗಾಡಿ ನಿಂತಲ್ಲೆಲ್ಲ ನೆಲದ ಮೇಲಿಟ್ಟು ತಿರುಗಿಸಿಕೊಳ್ಳುವುದು ಒಂದು. ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಮುಕ್ಕಾಲಿಯನ್ನು ಬಿಸಿಲಿಗೆ ಇಡಬಹುದು. ಖರ್ಚು ಏನೇನೂ ಇಲ್ಲ. ಇನ್ನೊಂದು, ವ್ಯಾನಿನ ಹಿಂಬದಿಗೆ ಒಂದರೊಳಗೊಂದು ಜಾರುವ ಕಬ್ಬಿಣದ ಕಂಬ ಹಾಕಿ, ಒಳಗಿನಿಂದಲೇ ಹಿಡಿಕೆ ತಿರುಗಿಸಿ ಡಿಶ್ ಮೇಲೇರಿಸುವುದು.

ಸರಿಯಾದದ್ದು ಮುಕ್ಕಾಲಿ ಎಂದು ಈಗ ಯಾರು ಬೇಕಾದರೂ ಹೇಳುತ್ತಾರೆ. ನಾನು ಆರಿಸಿದ್ದು ಕಂಬ. ಸಿದ್ದಪ್ಪನವರು ಒತ್ತಾಯ ಮಾಡಲಿಲ್ಲ, ಅದನ್ನು ಸ್ಪಷ್ಟವಾಗಿ ಬರೆಯಬೇಕು. "ಮರಗಿರ ಅಡ್ಡ ಬಂದ್ರೆ ಮೇಲೇರಿಸ್ಬಹುದು ಸಾರ್" ಎಂದದ್ದು ನಾನೇ. ಚಾವಣಿಯ ಮೇಲೆ ಹನ್ನೆರಡು ಅಡಿ ಏಳುವ ಕಂಬ. ಗಾಡಿ ಚಾಲಕ ನಾರಾಯಣನ ಸೀಟಿನೆದುರು ನನ್ನ ಕೈಯಾರೆ ಬರೆದು ಒಂದು ಚೀಟಿಯನ್ನೂ ಅಂಟಿಸಿದ್ದೆ: ಕಂಬ ಇಳಿಸದೆ ಗಾಡಿ ಕದಲಿಸಬಾರದು.

ಪರೀಕ್ಷೆ ಮಾಡಿದ್ದು ಅವರ ಮನೆಯ ಮುಂದೆಯೇ, ಬೆಳಿಗ್ಗೆ ಹತ್ತರ ಹೊತ್ತಿಗೆ. ಗಿರಿಜಮ್ಮ ತಾವೇ ನೋಡಬೇಕೆಂದು ಕೋಲೂರಿಕೊಂಡು ವ್ಯಾನು ಹತ್ತಿ ಮಂಚದ ಮೇಲೆ ಕೂತರು. ಕಂಬ ಏರಿಸಿ, ಡಿಶ್‌ನ ಮುಖವನ್ನು ಆಗ್ನೇಯಕ್ಕೆ ಹೊಂದಿಸಿ ನಾನು ಕೆಳಗಿಳಿದೆ. ಆಗ್ನೇಯ ಎಂದದ್ದು ಕೇಳಿ ಗಿರಿಜಮ್ಮ, "ಅಡುಗೆಮನೆ ಮೂಲೆ! ಸರಿಯಾಗೇ ಇದೆ" ಎಂದು ನಕ್ಕರು. ಆದರೆ ಆ ಮೂಲೆಗೆ ಸರಿಯಾಗಿ ದೊಡ್ಡ ಹೊಂಗೆ ಮರ. ಚಿತ್ರವಿಲ್ಲ.

ಕಂಬ ಇಳಿಸಿ, ಗಾಡಿ ಮುಂದೆ ತಂದು, ಮತ್ತೆ ಏರಿಸಬೇಕಿತ್ತು. ಐದು ನಿಮಿಷದ ಕೆಲಸ. ನಾನು ನಾರಾಯಣನಿಗೆ ಹೇಳಿದೆ, "ಸ್ವಲ್ಪ ಮುಂದಕ್ಕೆ ತಗೊಳಪ್ಪಾ. ನಿಧಾನ."

ಅವನು ಚೀಟಿ ತೋರಿಸಿದ. "ಸಾರ್, ಇದು?"

"ಹತ್ತಡಿ ಅಷ್ಟೆ. ಬಾ."

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ, ನಿಮಗೆಲ್ಲ ಗೊತ್ತು. ತಾರಸಿ ಮೇಲೆ ಒಬ್ಬ ತಿರುಗಿಸುತ್ತಾನೆ, ಟೀವಿ ಮುಂದೆ ಕೂತವರು ಬಂತು, ಹೋಯ್ತು ಎಂದು ಕೂಗುತ್ತಾರೆ. ಕೂಗಿಗೆ ಕಿವಿ ಕೊಟ್ಟರೆ ಬೇರೆ ಯಾವುದೂ ಕಾಣುವುದಿಲ್ಲ. ನಾನು ಫುಟ್‌ಪಾತಿನಲ್ಲಿ ಸಿದ್ದಪ್ಪನವರ ಪಕ್ಕ ನಿಂತು ಕಿಟಕಿಯನ್ನೇ ನೋಡುತ್ತಿದ್ದೆ. ಒಳಗಿನಿಂದ ಗಿರಿಜಮ್ಮನ ದನಿ. "ಇಲ್ಲಪ್ಪ… ಇಲ್ಲ… ಏನೋ ಬಂದ ಹಾಗಾಯ್ತು… ಹೋಯ್ತು…"

"ಬಾ ಬಾ, ಇನ್ನೂ ಬಾ" ಎಂದು ನಾನು ನಾರಾಯಣನಿಗೆ ಕೈ ಬೀಸುತ್ತಿದ್ದೆ.

"ಬಂತು!" ಎಂದರು ಗಿರಿಜಮ್ಮ.

ಅದೇ ಕ್ಷಣ ನೀಲಿ ಬೆಳಕು, ಸಿಡಿಲಿನಂಥ ಸದ್ದು. ಡಿಶ್ ಮುದುಡಿಹೋಯಿತು. ರಸ್ತೆಗೆ ಅಡ್ಡಲಾಗಿ ಹೋಗುತ್ತಿದ್ದ ಹೈ ಟೆನ್ಷನ್ ತಂತಿಗೆ ನನ್ನ ಕಂಬ ಒರಗಿತ್ತು. ಗಾಡಿ ನಿಂತಿತು. ಬೀದಿಯ ಮನೆಗಳಲ್ಲಿ ಓಡುತ್ತಿದ್ದ ಮಿಕ್ಸಿ, ರೇಡಿಯೊ ಎಲ್ಲ ಒಟ್ಟಿಗೆ ನಿಂತವು. ಹಿಂದಿನ ಟಯರಿನಿಂದ ಹೊಗೆ ಬರುತ್ತಿತ್ತು.

ನಾರಾಯಣ ಬಾಗಿಲು ತೆರೆದು ಒಂದು ಕಾಲು ಹೊರಗೆ ಹಾಕಿದ್ದ. ನಾನು ಕಿರುಚಿದೆ. "ಇಳೀಬೇಡ! ಕಾಲು ಒಳಗೆ ತಗೋ! ಕಬ್ಬಿಣ ಮುಟ್ಬೇಡ, ಸೀಟ್ ಮೇಲೆ ಕೂತಿರು!" ಅವನು ಕಾಲು ಎಳೆದುಕೊಂಡ. ಗಾಡಿಯ ಒಳಗಿದ್ದರೆ ಟಯರಿನ ಮೇಲಿರುವ ಪೆಟ್ಟಿಗೆಯಲ್ಲಿದ್ದ ಹಾಗೆ, ಕರೆಂಟು ಮೈಯ ಮೂಲಕ ಹಾಯುವುದಿಲ್ಲ. ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟರೆ ಕರೆಂಟಿಗೆ ಆ ಮನುಷ್ಯನೇ ದಾರಿ.

"ಅಮ್ಮಾ, ನೀವು ಮಂಚದ ಮೇಲೇ ಕೂತಿರಿ. ಏಳ್ಬೇಡಿ."

"ಏನಾಯ್ತಪ್ಪ? ಟೀವಿ ಹೋಯ್ತಲ್ಲ" ಎಂದರು ಅವರು.

ಬೀದಿಯವರು ಸೇರಿದರು. ಯಾರೋ ಒಬ್ಬರು, "ಕರೆಂಟ್ ಹೋಗಿದೆ ಕಣ್ರೀ, ಲೈನ್ ಟ್ರಿಪ್ ಆಗಿದೆ. ಇನ್ನೇನಿಲ್ಲ, ಅಮ್ಮನ್ನ ಇಳಿಸಿ ಬೇಗ, ಟಯರ್ ಹೊಗೆಯಾಡ್ತಿದೆ" ಎಂದರು. ಮಾತು ಸರಿಯಾಗಿಯೇ ಇತ್ತು. ಮನೆಗಳಲ್ಲಿ ಫ್ಯಾನು ನಿಂತದ್ದು ಎಲ್ಲರಿಗೂ ಕಾಣುತ್ತಿತ್ತು. ಸಿದ್ದಪ್ಪನವರು, "ಗಿರಿಜಾ, ಬಂದೆ ತಾಳು" ಎಂದು ಹೊರಟೇಬಿಟ್ಟರು.

ನಮ್ಮ ಭಾವ ವಿದ್ಯುತ್ ಕೆಲಸದಲ್ಲಿದ್ದವರು. ಯಾವಾಗಲೋ ಊಟಕ್ಕೆ ಕೂತಾಗ ಹೇಳಿದ್ದರು: ತಂತಿಗೆ ಕೊಂಬೆಯೋ ಬಾವಲಿಯೋ ತಗುಲಿ ಲೈನ್ ಟ್ರಿಪ್ ಆದರೆ ಸಬ್‌ಸ್ಟೇಷನ್ನಿನಲ್ಲಿ ಒಮ್ಮೆ ಕರೆಂಟು ಮತ್ತೆ ಹಾಕಿ ನೋಡುತ್ತಾರೆ, ಕೊಂಬೆ ಉದುರಿಹೋಗಿದ್ದರೆ ಕರೆಂಟು ಉಳಿಯುತ್ತದೆ ಅಂತ. ಅಲ್ಲಿ ಕೂತವರಿಗೆ ಇಲ್ಲಿ ಕೊಂಬೆಯಲ್ಲ, ಗಿರಿಜಮ್ಮ ಇದ್ದಾರೆ ಎಂದು ಹೇಗೆ ಗೊತ್ತಾಗಬೇಕು?

ನಾನು ಸಿದ್ದಪ್ಪನವರ ಅಂಗಿ ಹಿಂದಿನಿಂದ ಹಿಡಿದೆ. ಅವರು ಬಿಡಿಸಿಕೊಳ್ಳಲು ನನ್ನ ಕೆನ್ನೆಗೆ ಹೊಡೆದರು. "ಬಿಡೋ! ಅವಳು ಒಳಗಿದಾಳೆ ಕಣೋ!" ಅರವತ್ತೈದು ದಾಟಿದ ಮನುಷ್ಯನಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಅಂಗಿ ಹೆಗಲಿನಿಂದ ಸೊಂಟದವರೆಗೆ ಹರಿಯಿತು. ನಾನು ಸೊಂಟ ಹಿಡಿದು ಇಬ್ಬರೂ ನೆಲಕ್ಕೆ ಬಿದ್ದೆವು. ಬಿದ್ದಲ್ಲಿಂದ ವ್ಯಾನಿನ ಬಾಗಿಲ ಹಿಡಿ ಎಂಟು ಹತ್ತು ಹೆಜ್ಜೆ.

ಮತ್ತೆ ಸದ್ದು. ಮತ್ತೆ ನೀಲಿ.

ನಾನು ಅವತ್ತಿನಿಂದ ಲೆಕ್ಕ ಹಾಕುತ್ತಲೇ ಇದ್ದೇನೆ. ಅಂಗಿ ಇನ್ನೂ ಸುಲಭವಾಗಿ ಹರಿದಿದ್ದರೆ? ಭಾವ ಆ ದಿನ ಬೇರೇನೋ ಮಾತಾಡಿದ್ದರೆ? ಬೆಂಕಿ ಹತ್ತಿಕೊಂಡಿದ್ದರೆ ಒಳಗಿದ್ದವರು ಎರಡು ಕಾಲನ್ನೂ ಜೋಡಿಸಿ, ಗಾಡಿ ಮುಟ್ಟದೆ ದೂರಕ್ಕೆ ಹಾರಬೇಕಿತ್ತು. ನಾರಾಯಣ ಹಾರಿಯಾನು. ಮೆಟ್ಟಿಲು ಇಳಿಯಲಾರದ ಗಿರಿಜಮ್ಮನಿಗೆ ನಾನು ಏನು ಹೇಳುತ್ತಿದ್ದೆ? ಹೊಗೆ ತೆಳ್ಳಗಾಯಿತು, ಅಷ್ಟೆ. ಅದು ನನ್ನ ಜಾಣತನವಲ್ಲ.

ಪಕ್ಕದ ಮನೆಯವರು ಫೋನು ಮಾಡಿದರು. ಲೈನ್‌ಮನ್ ಬರಲು ಅರ್ಧ ಗಂಟೆ. ಅಷ್ಟು ಹೊತ್ತೂ ಸಿದ್ದಪ್ಪನವರು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು, ಅವರ ತೋಳು ನನ್ನ ಹಿಡಿತದಲ್ಲಿತ್ತು. ಗಂಡಹೆಂಡತಿ ಕಿಟಕಿಯ ಮೂಲಕ ಮಾತಾಡಿದರು. ಬೀದಿಯವರೆಲ್ಲ ಸುಮ್ಮನಾಗಿದ್ದರಿಂದ ಪ್ರತಿಯೊಂದು ಮಾತೂ ಕೇಳುತ್ತಿತ್ತು.

"ಗಿರಿಜಾ, ಕೈ ಎಲ್ಲಿಟ್ಟಿದೀಯ?"

"ಮಡಿಲಲ್ಲಿ ಇಟ್ಕೊಂಡಿದೀನಿ ಕಣ್ರೀ."

"ಕಿಟಕಿ ಸರಳು ಮುಟ್ಬೇಡ."

"ಮುಟ್ಟಲ್ಲ. ನೀವು ಯಾಕೆ ಹಾಗೆ ನಿಂತಿದೀರಿ? ಕೂತ್ಕೊಳಿ ಎಲ್ಲಾದ್ರೂ."

"ಕೂರೋಕಾಗಲ್ಲ ಕಣೇ. ಈ ವೆಂಕಟೇಶ ಬಿಡ್ತಿಲ್ಲ. ಅಂಗಿ ಹರಿದಾಕ್ಬಿಟ್ಟ."

"ಹರಿದದ್ದು ಒಳ್ಳೇದೇ ಆಯ್ತು. ಆ ಅಂಗಿ ಒರೆಸೋ ಬಟ್ಟೆಗೆ ಹಾಕ್ಬೇಕು ಅಂತ ಯುಗಾದಿಯಿಂದ ಹೇಳ್ತಿದೀನಿ."

ಯಾರೋ ನಕ್ಕರು. ಸಿದ್ದಪ್ಪನವರು ನಗಲಿಲ್ಲ, ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಅಷ್ಟು ದೂರದಿಂದಲೂ ಗಿರಿಜಮ್ಮನಿಗೆ ಕಂಡಿರಬೇಕು. ದನಿ ತಗ್ಗಿಸದೆಯೇ ಹೇಳಿದರು:

"ಕಾಶೀಲಿ ಜನಸಂದಣೀಲಿ ನಿನ್ನ ಕೈ ಬಿಡಲ್ಲ ಅಂತ ನಿನ್ನೆ ತಾನೆ ಅಂದ್ರಿ. ಚಾಮರಾಜಪೇಟೇಲೇ ಇಪ್ಪತ್ತಡಿ ದೂರ ನಿಂತಿದೀರಲ್ಲ!"

"ಬರ್ತೀನೇ… ಬಿಟ್ರೆ ಈಗ್ಲೇ ಬರ್ತೀನಿ."

"ಬೇಡ. ಅಲ್ಲೇ ನಿಂತ್ಕೊಂಡು ಮಾತಾಡ್ತಿರಿ. ನನಗೆ ಕೇಳಿಸ್ತಿದ್ರೆ ಸಾಕು."

ಸಿದ್ದಪ್ಪನವರು ಮಾತಾಡಿದರು. ಯಾವುದೋ ಹಳೆಯ ಮದುವೆ ಕಾರ್ಡಿನಲ್ಲಿ ವರನ ಹೆಸರಿನ ಜಾಗದಲ್ಲಿ ಮಾವನ ಹೆಸರು ಅಚ್ಚಾದದ್ದು, ಆ ಹೆಣ್ಣಿನವರು ಅಂಗಡಿಗೆ ಬಂದು ಕೂಗಾಡಿದ್ದು, ಇವರು ಒಂದೇ ದಿನದಲ್ಲಿ ಐನೂರು ಕಾರ್ಡು ಮತ್ತೆ ಹಾಕಿಸಿಕೊಟ್ಟದ್ದು. ಗಿರಿಜಮ್ಮನಿಗೆ ಗೊತ್ತಿಲ್ಲದ ಕಥೆಯೇನಲ್ಲ. ನಡುನಡುವೆ "ಹೂಂ", "ಆಮೇಲೆ?" ಎನ್ನುತ್ತಿದ್ದರು. ನಾರಾಯಣ ಸ್ಟಿಯರಿಂಗಿನಿಂದ ಕೈ ದೂರ ಹಿಡಿದು ಕಣ್ಣು ಮುಚ್ಚಿ ಕೂತಿದ್ದ. ನನಗೆ ಕಾಣುತ್ತಿದ್ದದ್ದು ಅವನೆದುರಿನ ಗಾಜಿಗೆ ಅಂಟಿದ ಚೀಟಿಯ ಬೆನ್ನು.

ಲೈನ್‌ಮನ್ ಬಂದವರು ಅವಸರ ಮಾಡಲಿಲ್ಲ. ಸಬ್‌ಸ್ಟೇಷನ್ನಿಗೆ ಮಾತಾಡಿ ಕರೆಂಟು ತೆಗೆಸಿ, ಮತ್ತೆ ಕೇಳಿ ಖಚಿತ ಮಾಡಿಕೊಂಡು, ಉದ್ದ ಕೋಲಿನಿಂದ ತಂತಿಗೆ ಸರಪಳಿ ಹಾಕಿ ನೆಲಕ್ಕೆ ಸೇರಿಸಿ, ಆಮೇಲೆ ನನ್ನ ಕಡೆ ತಿರುಗಿದರು. "ಈಗ ಬಿಡಿ ಅವ್ರನ್ನ."

ನಾನು ಕೈ ಬಿಟ್ಟೆ. ಹರಿದ ಅಂಗಿಯಲ್ಲೇ ಸಿದ್ದಪ್ಪನವರು ವ್ಯಾನು ಹತ್ತಿ, ಗಿರಿಜಮ್ಮನನ್ನು ಇಳಿಸುವ ಬದಲು ಅವರ ಪಕ್ಕ ಮಂಚದ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ಇಳಿಯಲೇ ಇಲ್ಲ.

ಅವರು ಇಳಿದ ಮೇಲೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ನಿಜ ಹೇಳಿದ್ದು. "ಸಾರ್, ಕಂಬವೇ ಬೇಕಿರ್ಲಿಲ್ಲ. ಡಿಶ್‌ಗೆ ಎತ್ತರ ಬೇಡ. ನನಗದು ಕಾಲೇಜಿನಿಂದ ಗೊತ್ತು. ನಾರಾಯಣ ಚೀಟಿ ತೋರಿಸ್ದ, ನಾನೇ ಬಾ ಅಂದೆ." ಸಿದ್ದಪ್ಪನವರು ಒಳಗೆ ಹೋದರು. ನಾನು ಕಂಬದ ದುಡ್ಡು ವಾಪಸು ಕಳಿಸಿದೆ. ಎಂಟು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ.

ಒಂಬತ್ತನೆಯ ದಿನ ಅವರೇ ಮನೆಗೆ ಬಂದರು. ಹೊಸ ಅಂಗಿ. "ಮುಕ್ಕಾಲಿ ಅಂದಿದ್ಯಲ್ಲ, ಅದನ್ನ ಮಾಡ್ಕೊಡು" ಎಂದರು.

"ನನ್ನ ಕೈಲಿ ಬೇಡ ಸಾರ್. ಬೇರೆಯವರ ಹೆಸರು ಹೇಳ್ತೀನಿ."

"ನಾನೂ ಅದೇ ಅಂದೆ. ಗಿರಿಜಾ ಕೇಳಲ್ಲ. 'ಇಳೀಬೇಡಿ ಅಂದವನೂ ಅವನೇ. ಬೇರೆಯವನು ಬಂದ್ರೆ ಎಲ್ಲಾ ಮೊದಲಿಂದ ಕಲೀಬೇಕು, ಇವನು ಕಲ್ತಾಗಿದೆ' ಅಂತಾಳೆ." ಆಮೇಲೆ, "ಕೆನ್ನೆ ನೋವು ಹೋಯ್ತಾ?" ಎಂದು ಕೇಳಿದರು.

ಮೊಣಕಾಲೆತ್ತರದ ಮುಕ್ಕಾಲಿ, ಮೂವತ್ತಡಿ ಕೇಬಲ್ಲು, ಒಂದು ದಿಕ್ಸೂಚಿ. ಉತ್ತರಕ್ಕೆ ಹೋದಂತೆಲ್ಲ ಡಿಶ್‌ನ ಮುಖ ಬಗ್ಗಿಸುತ್ತ ಬರಬೇಕು, ಆಗ್ನೇಯದಿಂದ ದಕ್ಷಿಣದ ಕಡೆಗೆ ಸರಿಸುತ್ತ ಬರಬೇಕು. ಸಿದ್ದಪ್ಪನವರಿಗೆ ಇದನ್ನು ಅವರ ತಾರಸಿಯ ಮೇಲೆ ಮೂರು ದಿನ ಹೇಳಿಕೊಟ್ಟೆ. ಅವರು ಹೊರಟ ಬೆಳಿಗ್ಗೆ ನಾನು ಹೋಗಲಿಲ್ಲ. ವ್ಯಾನು ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ಏನೋ ಹುಡುಕುವವನ ಹಾಗೆ ಬಗ್ಗಿ ನಿಂತಿದ್ದೆ.

ನಾಲ್ಕನೆಯ ದಿನ ಸಾಯಂಕಾಲ ಫೋನು ಬಂತು. ನಾಗಪುರ ದಾಟಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾರೆ, ಚಿತ್ರ ಬರುತ್ತಿಲ್ಲ. ನಾನು ಮೊದಲು ಕೇಳಿದ್ದು ಚಿತ್ರದ ವಿಷಯವಲ್ಲ.

"ಸಾರ್, ಸುತ್ತ ತಂತಿ ಏನಾದ್ರೂ?"

"ಅದನ್ನ ನನ್ನ ಕೇಳ್ತೀಯಾ? ಇವಳು ಕಿಟಕೀಲಿ ತಲೆ ಹಾಕಿ, ನಾಲ್ಕು ಕಡೆ ನೋಡಿ, ಅಪ್ಪಣೆ ಕೊಟ್ಟ ಮೇಲೇನೇ ನಾರಾಯಣ ಗಾಡಿ ನಿಲ್ಲಿಸೋದು."

"ಮುಖ ಸ್ವಲ್ಪ ಬಗ್ಗಿಸಿ. ಇನ್ನೂ. ಈಗ ಬಲಗಡೆಗೆ ಸರಿಸಿ, ಒಂದು ಬೆರಳಷ್ಟು."

ಗಾಳಿಯ ಸದ್ದು, ಲಾರಿಯ ಹಾರನ್ನು. ಆಮೇಲೆ ದೂರದಿಂದ ಆ ದನಿ, "ಬಂತು!"

ಕಣ್ಣು ಮುಚ್ಚಿ ಕಾದೆ. ಏನೂ ಸಿಡಿಯಲಿಲ್ಲ. ವಾರ್ತೆ ಓದುವ ಕನ್ನಡ ಸಣ್ಣಗೆ ಫೋನಿನಲ್ಲಿ ಕೇಳಿಸಿತು. ಗಿರಿಜಮ್ಮ ಫೋನು ಇಸಿದುಕೊಂಡರು.

"ವೆಂಕಟೇಶಪ್ಪಾ, ಬೆಂಗ್ಳೂರಲ್ಲಿ ಮಳೆ ಅಂತಿದಾರೆ. ನಿಜಾನಾ?"

ಫೋನಿನ ವೈರು ಎಳೆದುಕೊಂಡು ಅಂಗಡಿಯ ಬಾಗಿಲಿಗೆ ಬಂದು ತಲೆ ಎತ್ತಿ ನೋಡಿದೆ. ಹಣೆಯ ಮೇಲೆ ಒಂದು ಹನಿ ಬಿತ್ತು.

"ನಿಜ ಅಮ್ಮಾ. ಈಗ ಶುರುವಾಯ್ತು" ಎಂದೆ.